ಶರೀಫಜ್ಜನ ಪದವೋ, ಸ್ವಂತ ಸಾಲೋ?

ಗಿಟಾರ್ ಕೈಗೆ ಬಂತು, ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಂತು. ಈಗ ಹಾಡೋದೇನು? ಕನ್ನಡದಲ್ಲಿ ಎರಡು ದಾರಿ ಇವೆ.

ಮೊದಲನೆಯದು ತತ್ವಪದಕ್ಕೆ ಹೊಸ ರಾಗ ಹಾಕುವುದು. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಹೀಗೇ ದೇಶ ವಿದೇಶದ ವೇದಿಕೆಗೆ ಒಯ್ದರು. ಶರೀಫರು ತೀರಿಕೊಂಡದ್ದು 1889ರಲ್ಲಿ, ಹಾಗಾಗಿ ಆ ಪದಗಳಿಗೆ ಕಾಪಿರೈಟ್ ಹಕ್ಕಿನ ತಕರಾರಿಲ್ಲ. ಬೇಂದ್ರೆ, ಕುವೆಂಪು ಕವನಗಳಾದರೆ ಅನುಮತಿ ಬೇಕು. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಪದ ಮೊದಲೇ ಬಾಯಲ್ಲಿ ಉರುಳಿ ನುಣುಪಾಗಿರುತ್ತೆ, ಜನರೂ ಜೊತೆಗೆ ಹಾಡುತ್ತಾರೆ. ಆದರೆ ಬೇರೆಯವರ ಜೊತೆ ಹೋಲಿಕೆ ತಪ್ಪೋದಿಲ್ಲ. ಅದೇ ಪದವನ್ನು ಎಷ್ಟೋ ಜನ ಹಾಡಿದ್ದಾರೆ, ಅಲ್ವಾ?

ಎರಡನೆಯದು ಸ್ವಂತ ಸಾಲು ಬರೆಯುವುದು. ಇದು ಕಷ್ಟ. ಕಷ್ಟ ಇರೋದು ಮಾತ್ರೆಯಲ್ಲಿ, ಅಂದರೆ ಅಕ್ಷರ ಹೇಳೋಕೆ ಹಿಡಿಯುವ ಕಾಲದಲ್ಲಿ. 'ಕನಸು' ಅಂದರೆ ಮೂರು ಲಘು, ಮೂರೂ ಗಿಡ್ಡ ಅಕ್ಷರ. ಟ್ಯೂನ್ ಮೊದಲ ಅಕ್ಷರವನ್ನೇ ಎಳೆದರೆ ಅದು 'ಕಾನಸು' ಆಗಿ ಕಿವಿಗೆ ಕಲ್ಲು ಸಿಕ್ಕಂತಾಗುತ್ತೆ. ಆಗ ಟ್ಯೂನ್ ಬದಲಿಸಬೇಕು, ಇಲ್ಲಾ ಮೊದಲ ಅಕ್ಷರ ದೀರ್ಘ ಇರುವ 'ಆಸೆ' ಅಂತ ಬರೀಬೇಕು. ಒಂದು ಸಾಲಿಗೆ ಒಂದು ವಾರ ಹೋದರೂ ಹೋಯಿತು. ಆದರೆ ಇವತ್ತಿನ ಮಾತು ಹೇಳೋಕೆ ಇದೇ ದಾರಿ. ಬೆಂಗಳೂರಿನ ಬ್ಯಾಂಡ್ ಸ್ವರಾತ್ಮ ಕಾವೇರಿ ನೀರಿನ ಜಗಳವನ್ನೇ ಹಾಡು ಮಾಡಿತು. ಸಾಹಿತ್ಯದ ರಾಯಲ್ಟಿಯೂ ನಿಮ್ಮದೇ, ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯತ್ವ ಮಾತ್ರ ಮಾಡಿಸಿಕೊಳ್ಳಿ.

ಧ್ವನಿ ಚೆನ್ನಾಗಿದ್ದು ಬರವಣಿಗೆ ಇನ್ನೂ ಪಳಗಿಲ್ಲ ಅಂದರೆ ಪದದಿಂದ ಶುರು ಮಾಡಿ. ಡೈರಿಯಲ್ಲಿ ಆಗಲೇ ಹತ್ತು ಸಾಲು ಇದ್ದರೆ ಸುಮ್ನೆ ಕಾಯಬೇಡಿ, ಇವತ್ತೇ ಗುನುಗಿ ನೋಡಿ.