ಕೀಳರಿಮೆಗೆ ಥೆರಪಿಸ್ಟ್ ಹುಡುಕಿದ ಕಥೆ: ಡೊಂಬಿವಲಿಯಿಂದ ಥಾಣೆವರೆಗೆ, ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಹೆಸರು, ವಿಳಾಸ ಹಾಕುತ್ತಿಲ್ಲ. ಹೆಸರು ಹಾಕಲಾ ಅಂತ ಥೆರಪಿಸ್ಟ್ ಮೇಡಂ ಹತ್ತಿರ ಕೇಳಿಲ್ಲ, ಅಲ್ಲದೆ ಕೆಳಗೆ ಒಂದಿಷ್ಟು ದೂರುಗಳೂ ಇವೆ. ಮುಂಬೈ ಕಡೆಯ ನಮ್ಮವರು ಯಾರಾದರೂ ಇದೇ ಹುಡುಕಾಟದಲ್ಲಿದ್ದರೆ, ನಾನು ಹಾಳು ಮಾಡಿಕೊಂಡ ಆರು ತಿಂಗಳು ಮತ್ತು 9,200 ರೂಪಾಯಿ ಅವರಿಗಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನನಗೆ 36 ವರ್ಷ. ಅಂಧೇರಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ಮನೆ ಡೊಂಬಿವಲಿ ಈಸ್ಟ್. ಹೊರಗಿನಿಂದ ನೋಡಿದರೆ ಎಲ್ಲ ಸರಿ. ಆದರೆ ಲೋಕಲ್‌ನಲ್ಲಿ ಬೇರೆಯವರು ನನ್ನ ಕಾಲು ತುಳಿದರೂ ಸಾರಿ ಹೇಳುವವನು ನಾನು. ಮೀಟಿಂಗ್‌ನಲ್ಲಿ ಲೆಕ್ಕ ತಪ್ಪಿದೆ ಅಂತ ಕಣ್ಣಿಗೆ ಕಾಣುತ್ತಿದ್ದರೂ ಬಾಯಿ ಬಿಡುವುದಿಲ್ಲ. ಐದು ವರ್ಷ ಸಂಬಳ ಜಾಸ್ತಿ ಮಾಡಿ ಅಂತ ಕೇಳಲಿಲ್ಲ, ನಾನೇ ಕೆಲಸ ಕಲಿಸಿದ ಹುಡುಗ ಕೇಳಿ ತಗೊಂಡ. ಅವತ್ತು ರಾತ್ರಿ ಹೆಂಡತಿ "ಇದು ಒಳ್ಳೆತನ ಅಲ್ಲ ರೀ, ನಿಮಗೆ ನಿಮ್ಮ ಮೇಲೇ ಬೆಲೆ ಇಲ್ಲ" ಅಂದಳು. ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ಸರಿ.

ಮೊದಲು ಹಿಡಿದದ್ದು ಒಂದು ಆ್ಯಪ್. ನಾಲ್ಕು ವಿಡಿಯೋ ಸೆಷನ್‌ಗೆ 3,200. ನಾಲ್ಕು ಸಲಕ್ಕೆ ಮೂರು ಜನ ಬದಲಾದರು, ಪ್ರತಿ ಸಲ ಅಪ್ಪ ಅಮ್ಮನಿಂದ ಹಿಡಿದು ಹೊಸದಾಗಿ ಕಥೆ ಹೇಳಬೇಕು. ಉಳಿದ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಮೆಸೇಜ್: ಕನ್ನಡಿ ಮುಂದೆ ನಿಂತು "ನಾನು ಅದ್ಭುತ ವ್ಯಕ್ತಿ" ಅಂತ ಹತ್ತು ಸಲ ಹೇಳಿ. ಹೇಳಿದೆ. ಹೇಳಿದಷ್ಟೂ ಒಳಗಿಂದ ಯಾರೋ ಕಿಸಕ್ಕನೆ ನಕ್ಕಂತೆ ಆಗುತ್ತಿತ್ತು, ಇದನ್ನು ಹೇಳಿಕೊಳ್ಳುವುದಕ್ಕೂ ನನಗೆ ಯೋಗ್ಯತೆ ಇಲ್ಲ ಅನ್ನಿಸಿ ಇನ್ನೂ ಕುಗ್ಗಿಹೋದೆ. ಆಮೇಲೆ ಗೊತ್ತಾಯಿತು, ಕೆನಡಾದ ಜೋಆನ್ ವುಡ್ ಮತ್ತು ಜೊತೆಯವರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರಂತೆ. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡಿರುವವರು ಇಂಥ ಮಾತನ್ನು ಹೇಳಿಕೊಂಡರೆ ಅವರ ಮನಸ್ಸು ಇನ್ನಷ್ಟು ಕೆಡುತ್ತದೆ ಅನ್ನುವುದು ಕಂಡುಬಂದಿತ್ತು. ಮೊದಲೇ ಗೊತ್ತಿದ್ದರೆ ಕನ್ನಡಿಯನ್ನು ಗಡ್ಡಕ್ಕೆ ಮಾತ್ರ ಬಳಸುತ್ತಿದ್ದೆ.

ಎರಡನೆಯದು ದಾದರ್‌ನಲ್ಲಿ. ಗೋಡೆ ತುಂಬ ಸರ್ಟಿಫಿಕೇಟು, ಏಸಿ, ಗ್ರೀನ್ ಟೀ. "21 ದಿನದಲ್ಲಿ ಹೊಸ ಮನುಷ್ಯ, ಗ್ಯಾರಂಟಿ" ಅಂದರು. ಪ್ಯಾಕೇಜ್ 18,000, ಅಡ್ವಾನ್ಸ್ 6,000. ಎರಡನೇ ಭೇಟಿಯಲ್ಲಿ ಧೈರ್ಯ ಮಾಡಿ ಏನು ಓದಿದ್ದೀರಿ ಅಂತ ಕೇಳಿದ್ದಕ್ಕೆ, "ನಿಮ್ಮ ಸಮಸ್ಯೆಯೇ ಇದು, ಯಾರನ್ನೂ ನಂಬೋದಿಲ್ಲ" ಅಂತ ನನ್ನ ಮೇಲೇ ತಿರುಗಿಬಿದ್ದರು. ನಾನು ಸಾರಿ ಹೇಳಿ ಎದ್ದು ಬಂದೆ. ಅಡ್ವಾನ್ಸ್ ವಾಪಸ್ ಬರಲಿಲ್ಲ. ನಾನು ಕೇಳಲೂ ಇಲ್ಲ, ಅದಕ್ಕೇ ಅಲ್ವಾ ಥೆರಪಿ ಬೇಕಾಗಿದ್ದು!

ಇಲ್ಲಿ ಒಂದು ವಿಷಯ ಗೊತ್ತಿರಲಿ, ನನಗೆ ತಡವಾಗಿ ತಿಳಿದದ್ದು. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲಿ ಮುಂದೆ ಓದಿದ ಡಾಕ್ಟರ್, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮಾಡುವವರು, ಅವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ನಂಬರ್ ಇರುತ್ತದೆ. ಕೇಳಿದರೆ ಹೇಳಬೇಕು, ಹೇಳುತ್ತಾರೆ ಕೂಡ. ಕೌನ್ಸೆಲರ್‌ಗಳಲ್ಲಿ ಸೈಕಾಲಜಿ ಎಂಎ ಮಾಡಿ ಚೆನ್ನಾಗಿ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ "ಲೈಫ್ ಕೋಚ್" ಅಂತ ಬೋರ್ಡ್ ಹಾಕಿಕೊಳ್ಳಲು ಬೋರ್ಡ್ ಬರೆಯುವವನ ಖರ್ಚು ಬಿಟ್ಟರೆ ಇನ್ನೇನೂ ಬೇಕಾಗಿಲ್ಲ. ದುಡ್ಡಿನ ತೊಂದರೆ ಇದ್ದರೆ ಕೆಇಎಂ, ಸಯನ್, ನಾಯರ್ ಈ ಮೂರೂ ಮುನ್ಸಿಪಾಲಿಟಿ ಆಸ್ಪತ್ರೆಗಳಲ್ಲಿ ಸೈಕಿಯಾಟ್ರಿ ವಿಭಾಗ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, 2022ರಿಂದ ಇದೆ, ಕಾಸು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮೂರನೆಯವರೇ ಈ ನಾಲ್ಕು ಸ್ಟಾರ್‌ನವರು. ನಮ್ಮ ಫ್ಯಾಮಿಲಿ ಡಾಕ್ಟರ್ ಕೊಟ್ಟ ನಂಬರ್. ಈ ಸಲ ಫೋನ್‌ನಲ್ಲೇ ಎಲ್ಲ ಕೇಳಿದೆ, ಚೀಟಿಯಲ್ಲಿ ಬರೆದಿಟ್ಟುಕೊಂಡು. ಓದಿದ್ದೇನು, ನೋಂದಣಿ ಇದೆಯಾ, ಫೀಸು ಎಷ್ಟು, ಎಷ್ಟು ದಿನ ಬೇಕು. ಮೊದಲ ಮೂರಕ್ಕೂ ಸೀದಾ ಉತ್ತರ ಬಂತು. ಕೊನೆಯದಕ್ಕೆ, "ಈಗಲೇ ಹೇಳಲು ಆಗುವುದಿಲ್ಲ, ನಾಲ್ಕು ಸಲ ಕೂತು ಮಾತಾಡೋಣ, ಆಮೇಲೆ ಮುಂದುವರಿಸಬೇಕಾ ಅಂತ ಇಬ್ಬರೂ ನೋಡೋಣ" ಅಂದರು. ದಾದರ್‌ನ ಗ್ಯಾರಂಟಿ ಕೇಳಿ ಬಂದವನಿಗೆ ಇದೇ ಹೆಚ್ಚು ನಂಬಿಕೆ ಹುಟ್ಟಿಸಿತು.

ಥಾಣೆ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ, ಹಳೇ ಬಿಲ್ಡಿಂಗ್, ಮೂರನೇ ಮಹಡಿ, ಲಿಫ್ಟ್ ಇಲ್ಲ. 50 ನಿಮಿಷಕ್ಕೆ 1,500. ಮೊದಲ ದಿನ ನಿದ್ದೆ, ಊಟ, ಸಾಯಬೇಕು ಅನ್ನಿಸುತ್ತದಾ, ಎಲ್ಲ ಕೇಳಿದರು. ಮಾತ್ರೆಯ ಅಗತ್ಯ ಕಾಣುತ್ತಿಲ್ಲ, ಬೇಕನ್ನಿಸಿದರೆ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೇನೆ ಅಂದರು. ಆಮೇಲೆ ಹತ್ತು ಪ್ರಶ್ನೆಯ ಒಂದು ಹಾಳೆ ಕೊಟ್ಟರು. ನಮಗೆ ನಮ್ಮ ಮೇಲೆ ಎಷ್ಟು ಬೆಲೆ ಇದೆ ಅಂತ ಅಳೆಯಲು ರೋಸೆನ್‌ಬರ್ಗ್ ಅನ್ನುವವರು 1965ರಲ್ಲಿ ಮಾಡಿದ್ದು, ಇವತ್ತಿಗೂ ಎಲ್ಲ ಕಡೆ ಬಳಸುತ್ತಾರೆ. 30ಕ್ಕೆ ನನಗೆ 11 ಬಂತು. "ಸಾರಿ ಮೇಡಂ" ಅಂದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು, ನನಗೂ ನಗು ಬಂತು.

ಇವರು ನನ್ನನ್ನು ಒಂದು ಸಲವೂ ಹೊಗಳಲಿಲ್ಲ. ನನಗೆ ಬೇಕಾಗಿದ್ದದ್ದು ಹೊಗಳಿಕೆಯೇ ಅಂದುಕೊಂಡಿದ್ದೆ, ಹಾಗಾಗಿ ಮೊದಲೆರಡು ವಾರ ಬೇಜಾರಾಯಿತು. ಮೂರನೇ ವಾರ ನನ್ನ ಕೆಲಸದ ಬಗ್ಗೆ ಕೇಳಿದರು. ಬಿಲ್ ಇಲ್ಲದೆ ವೋಚರ್ ಪಾಸ್ ಮಾಡುತ್ತೀರಾ? ಇಲ್ಲ. ಸೇಲ್ಸ್‌ನವರು ಬಂದು ಕೂಗಾಡಿದರೆ? ಆಗಲೂ ಇಲ್ಲ. "ಹಾಗಾದರೆ 'ನಾನು ದಡ್ಡ' ಅನ್ನೋದನ್ನ ಯಾವ ಬಿಲ್ ನೋಡಿ ಪಾಸ್ ಮಾಡಿದಿರಿ?" ನಾನು ಸುಮ್ನೆ ಕೂತೆ. ಅವತ್ತಿನಿಂದ ಒಂದು ನೋಟ್‌ಬುಕ್. ಏನಾಯಿತು, ತಲೆಗೆ ಏನು ಬಂತು, ಅದಕ್ಕೆ ಪುರಾವೆ ಏನು, ಅದರ ವಿರುದ್ಧ ಪುರಾವೆ ಏನು. ಇದಕ್ಕೆ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅನ್ನುತ್ತಾರೆ, 1960ರ ದಶಕದಲ್ಲಿ ಆರನ್ ಬೆಕ್ ಅನ್ನುವ ಅಮೆರಿಕದ ಡಾಕ್ಟರ್ ಶುರು ಮಾಡಿದ್ದು. ಕೇಳಲು ಸ್ಕೂಲ್ ಹೋಮ್‌ವರ್ಕ್ ಥರ ಇದೆ. ಮಾಡಲು ಬೇಜಾರು ಕೂಡ. ಆದರೆ ತಿಂಗಳ ಕೊನೆಗೆ ಪುಟ ತಿರುಗಿಸಿದಾಗ ಮೂರನೇ ಕಾಲಂ ಹೆಚ್ಚುಕಮ್ಮಿ ಖಾಲಿ. ಅಷ್ಟು ವರ್ಷ ಬರೀ ಬಾಯಿಮಾತಿನ ಮೇಲೆ ನಷ್ಟ ಬರೆದುಕೊಂಡಿದ್ದೆ.

ಭಾಷೆಯ ವಿಷಯ. ಮೇಡಂ ಮರಾಠಿಯವರು, ಕನ್ನಡ ಒಂದಕ್ಷರ ಬರುವುದಿಲ್ಲ. ನಾವು ಹಿಂದಿ, ಮರಾಠಿ ಬೆರೆಸಿ ಮಾತಾಡುತ್ತಿದ್ದೆವು. ಒಂದು ದಿನ, ತಲೆಯೊಳಗೆ ನಿಮ್ಮನ್ನು ಬೈಯುವ ದನಿ ಯಾವ ಭಾಷೆಯಲ್ಲಿದೆ ಅಂತ ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅದು ಕುಂದಾಪ್ರ ಕನ್ನಡ. "ಅದೆಲ್ಲ ನಿನ್ನ ಹತ್ರ ಆಪ್ದಲ್ಲ." ಅಪ್ಪನ ಮಾತು. ಹಿಂದಿಯಲ್ಲಿ ಅದನ್ನು ಎಷ್ಟು ಸಲ ಹೇಳಿದ್ದರೂ ಏನೂ ಆಗಿರಲಿಲ್ಲ, ಅವತ್ತು ಹಾಗೇ ಹೇಳಿದ್ದಕ್ಕೆ ಗಂಟಲು ಕಟ್ಟಿತು. ನೋಟ್‌ಬುಕ್ ಕನ್ನಡದಲ್ಲೇ ಬರೆಯಿರಿ, ನನಗೆ ಓದಿ ಹೇಳಿ ಸಾಕು ಅಂದರು. ಕನ್ನಡ ಬರುವ ಥೆರಪಿಸ್ಟ್ ಸಿಕ್ಕರೆ ಒಳ್ಳೆಯದೇ. ಸಿಗದಿದ್ದರೂ ಹೀಗೆ ಕೇಳುವವರು ಸಿಕ್ಕರೆ ನಡೆಯುತ್ತದೆ.

ಅಲ್ಲೇ ಅವರು ಒಂದು ತಪ್ಪೂ ಮಾಡಿದರು. ಅಪ್ಪನದ್ದು ಕ್ರೂರ ವರ್ತನೆ ಅಂದುಬಿಟ್ಟರು. ಅಪ್ಪ 12ನೇ ವಯಸ್ಸಿಗೆ ಊರು ಬಿಟ್ಟು ಬಂದವರು, ಹಗಲು ಹೋಟೆಲಿನಲ್ಲಿ ಮಾಣಿ, ರಾತ್ರಿ ಕನ್ನಡ ನೈಟ್ ಸ್ಕೂಲ್. ಬಾಯಿ ತೆರೆದು ಏನಾದರೂ ಕೇಳಿದರೆ ಕೆನ್ನೆಗೆ ಬೀಳುತ್ತಿದ್ದ ಕಾಲ ಅದು. ನನಗೆ ಬಹಳ ನೋವಾಯಿತು. ಮುಂದಿನ ವಾರ ಹೋಗುವುದೇ ಬೇಡ ಅಂದುಕೊಂಡೆ, ಆದರೂ ಹೋಗಿ ಹೇಳಿದೆ. ಅವರು ವಾದ ಮಾಡಲಿಲ್ಲ, ಆ ಶಬ್ದ ಬಳಸಬಾರದಿತ್ತು ಅಂತ ಒಪ್ಪಿಕೊಂಡರು. ನಾನು ಒಬ್ಬರಿಗೆ ಎದುರಿಗೇ "ನೀವು ಹೇಳಿದ್ದು ಸರಿಯಲ್ಲ" ಅಂದದ್ದು ಬಹುಶಃ ಅದೇ ಮೊದಲು.

ಹೋಮ್‌ವರ್ಕ್‌ನಲ್ಲಿ ಸಣ್ಣ ಸಣ್ಣ ಪ್ರಯೋಗಗಳೂ ಇದ್ದವು. ಮಾಟುಂಗಾದ ಒಂದು ಹೋಟೆಲಿನಲ್ಲಿ ದೋಸೆ ತಣ್ಣಗೆ ಬಂತು. ಮಾಣಿಯ ಮಗನಾಗಿ ತಟ್ಟೆ ವಾಪಸ್ ಕಳಿಸುವುದು ಅಂದರೆ ನನಗೆ ಪಾಪದ ಕೆಲಸ. ಐದು ನಿಮಿಷ ಬೆವರಿ, ಕೊನೆಗೆ ಕನ್ನಡದಲ್ಲೇ "ತಣ್ಣಗಾಗಿದೆ, ಬೇರೆ ಕೊಡ್ತೀರಾ" ಅಂದೆ. ಅವನು "ಆಯ್ತು ಸರ್" ಅಂತ ತಟ್ಟೆ ಎತ್ತಿಕೊಂಡು ಹೋದ. ಅಷ್ಟೇ. ಬಿಸಿ ದೋಸೆ ಬಂತು. ತಪ್ಪಿತಸ್ಥನ ಹಾಗೆ 50 ರೂಪಾಯಿ ಟಿಪ್ಸ್ ಇಟ್ಟು ಬಂದೆ, ಅದನ್ನೂ ನೋಟ್‌ಬುಕ್‌ನಲ್ಲಿ ಬರೆದೆ.

ಇನ್ನು ದೂರು. ಹಿಂದಿನವರ ಸೆಷನ್ ಮುಗಿಯದೆ 15 ನಿಮಿಷ ಕಾಯಿಸುವುದು ಮಾಮೂಲು. ಕಾಯುವ ಜಾಗದಲ್ಲಿ ಎರಡೇ ಕುರ್ಚಿ, ಒಳಗಿನ ಮಾತು ಅರ್ಧಂಬರ್ಧ ಹೊರಗೆ ಕೇಳುತ್ತದೆ, ಇಂಥ ಜಾಗದಲ್ಲಿ ಇದು ಸಣ್ಣ ತಪ್ಪಲ್ಲ. ಶನಿವಾರ ಸಿಗುವುದು ಕಷ್ಟ. ನನ್ನ ಇನ್ಶೂರೆನ್ಸ್‌ನಲ್ಲಿ ಒಪಿಡಿ (ಅಡ್ಮಿಟ್ ಆಗದೆ ತಗೊಳ್ಳುವ ಚಿಕಿತ್ಸೆ) ಇಲ್ಲ, ಎಲ್ಲ ಕೈಯಿಂದಲೇ: 11 ತಿಂಗಳು, 25 ಸೆಷನ್, 37,500. ಮೊದಲು ವಾರಕ್ಕೊಮ್ಮೆ ಇತ್ತು, ಆಮೇಲೆ ಹದಿನೈದು ದಿನಕ್ಕೊಮ್ಮೆ, ಈಗ ತಿಂಗಳಿಗೊಂದು ಸಲ. ಆ ಹತ್ತು ಪ್ರಶ್ನೆಯ ಹಾಳೆಯಲ್ಲಿ ಹೋದ ತಿಂಗಳು 17 ಬಂತು. ಸಂಬಳ ಕೇಳಿದೆ, ಕೇಳಿದ್ದರಲ್ಲಿ ಅರ್ಧ ಕೊಟ್ಟರು. ಈಗಲೂ ಮೀಟಿಂಗ್ ಹಿಂದಿನ ರಾತ್ರಿ ನಿದ್ದೆ ಸರಿ ಬರುವುದಿಲ್ಲ.

ನಾನು ಇಲ್ಲಿಯವರೆಗೆ ಯಾರಿಗೂ ಐದಕ್ಕಿಂತ ಕಮ್ಮಿ ಸ್ಟಾರ್ ಕೊಟ್ಟವನಲ್ಲ, ಸುತ್ತಿ ಬಳಸಿ ಕರೆದುಕೊಂಡು ಹೋದ ಟ್ಯಾಕ್ಸಿಯವನಿಗೂ. ಹೋದ ಶನಿವಾರ ಮೇಡಂಗೆ ಹೇಳಿದೆ, ರಿವ್ಯೂ ಬರೆಯುತ್ತಿದ್ದೇನೆ, ಹೆಸರು ಹಾಕುವುದಿಲ್ಲ, ನಾಲ್ಕೇ ಕೊಡುವುದು. ಒಂದು ಯಾಕೆ ಕಟ್ ಅಂದರು. ಕಾಯಿಸುತ್ತೀರಿ, ಅದಕ್ಕೆ ಅಂದೆ. ಆಮೇಲೆ ಸಾರಿ ಅಂದೆ.