ಹಳೆಯದು, ಹೊಸದು, ಗ್ಯಾಸಿನದು: ಯಾವ ಗಾಡಿ ಎಷ್ಟು ದಿನ ನಿಂತಿತು

ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗಾಡಿ ನಿಂತರೆ ಉಸಿರು ನಿಂತಂತೆ. ಕೊಯ್ದ ಗೊನೆಯನ್ನು ಅದೇ ದಿನ ಒಣದ್ರಾಕ್ಷಿ ಮಾಡುವ ಶೆಡ್ಡಿಗೆ ಮುಟ್ಟಿಸಬೇಕು, ದ್ರಾವಣದಲ್ಲಿ ಅದ್ದಬೇಕು, ಬಲೆಯ ಮೇಲೆ ಹರವಬೇಕು. ಗಾಡಿ ಕೆಟ್ಟಿದೆ ಎಂದು ಹಣ್ಣು ಕಾಯುವುದಿಲ್ಲ, ಕೂಲಿಯವರೂ ಕಾಯುವುದಿಲ್ಲ.

ನಮ್ಮ ಮನೆಯಲ್ಲಿ ಎರಡು ಡೀಸೆಲ್ ಪಿಕಪ್‌ಗಳಿವೆ. ಒಂದು 2015ರದು, ಇನ್ನೊಂದನ್ನು 2023ರ ಜೂನ್‌ನಲ್ಲಿ ಹೊಸದಾಗಿ ತಂದೆವು. ಪಕ್ಕದ ತೋಟದಲ್ಲಿರುವ ಕಾಕಾನ ಮಗನ ಬಳಿ ಸಿಎನ್‌ಜಿಯ ಸಣ್ಣ ಗಾಡಿ ಇದೆ. ಸುಗ್ಗಿಯಲ್ಲಿ ಅದೂ ನಮ್ಮದೇ ಎನ್ನುವಷ್ಟು ಬಳಕೆ. 2024 ಮತ್ತು 2025ರ ಸುಗ್ಗಿಗಳಲ್ಲಿ ಯಾವ ಗಾಡಿ ಯಾವ ದಿನ, ಏಕೆ, ಎಷ್ಟು ಹೊತ್ತು ನಿಂತಿತು ಎಂಬುದನ್ನು ಕೂಲಿ ಲೆಕ್ಕದ ವಹಿಯ ಕೊನೆಯ ಪುಟಗಳಲ್ಲಿ ಬರೆದಿಟ್ಟೆ. ಕಂಪನಿಗಳ ಹೆಸರು ಹೇಳುವುದಿಲ್ಲ. ನನಗೆ ಕಾಟ ಕೊಟ್ಟ ಅದೇ ಮಾದರಿ ಇನ್ನೊಬ್ಬರ ಮನೆಯಲ್ಲಿ ಎತ್ತಿನಂತೆ ದುಡಿಯುತ್ತಿರಬಹುದು. ಹಾಗೇಕೆ ಆಗುತ್ತದೆ ಎಂಬುದೂ ಈಗ ಸ್ವಲ್ಪ ತಿಳಿದಿದೆ.

ಹೊಸ ಪಿಕಪ್ ಬಂದ ದಿನ ಅಪ್ಪ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಹಳೆಯದನ್ನು ದೀಪಾವಳಿಯೊಳಗೆ ಮಾರಿಬಿಡೋಣ ಎಂದಿದ್ದರು. ಮೊದಲ ಎಂಟು ತಿಂಗಳು ಹೊಸದು ದೂರಲು ಆಸ್ಪದವನ್ನೇ ಕೊಡಲಿಲ್ಲ. ಸದ್ದು ಕಡಿಮೆ, ಸ್ಟೇರಿಂಗ್ ಹಗುರ, ಲೋಡು ಹಾಕಿ ಏರು ಹತ್ತಿದರೂ ಹಳೆಯದರಂತೆ ಕರಿ ಹೊಗೆ ಉಗುಳುವುದಿಲ್ಲ. ಕಾಟ ಶುರುವಾದದ್ದು ಸುಗ್ಗಿಯಲ್ಲಿ.

ತೋಟದಿಂದ ಶೆಡ್ಡಿಗೆ ನಾಲ್ಕು ಕಿಲೋಮೀಟರ್. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ ಆಗುತ್ತದೆ. ಅಂದರೆ ಮಾರುಕಟ್ಟೆಗೆ ಒಂದು ಲೋಡು ಹೋಗಬೇಕಾದರೆ ಈ ನಾಲ್ಕು ಕಿಲೋಮೀಟರಿನ ಹಾದಿಯಲ್ಲಿ ನಾಲ್ಕು ಲೋಡು ಓಡಬೇಕು. ಎರಡನೆಯ ಗೇರಿನಲ್ಲಿ ತೆವಳಿಕೊಂಡು ಹೋಗುವುದು, ಕ್ರೇಟು ಇಳಿಸುವಾಗ ಎಂಜಿನ್ ಬಂದ್ ಮಾಡದೆ ನಿಲ್ಲಿಸುವುದು, ಮತ್ತೆ ವಾಪಸ್ಸು. ಹಳೆಯ ಗಾಡಿ ಒಂಬತ್ತು ವರ್ಷ ಮಾಡಿದ್ದು ಇದನ್ನೇ.

ಹೊಸದಕ್ಕೆ ಇದೇ ವಿಷ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಎಂಬ ಹೊಗೆ ಮಿತಿಯ ನಿಯಮಕ್ಕೆ ಹೊಂದುವಂತೆ ಇದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇದೆ, ಡಿಪಿಎಫ್ ಎನ್ನುತ್ತಾರೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಜರಡಿ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಗಾಡಿ ಒಂದೇ ಸಮನೆ ವೇಗವಾಗಿ ಸ್ವಲ್ಪ ಹೊತ್ತು ಓಡಬೇಕು. ನಾವೋ, ಕಾಯುವಷ್ಟರಲ್ಲಿ ಶೆಡ್ಡಿನ ಮುಂದೆ ಬಂದ್ ಮಾಡುತ್ತಿದ್ದೆವು. 2024ರ ಮಾರ್ಚ್‌ನಲ್ಲಿ ಹಳದಿ ದೀಪ ಹತ್ತಿತು. ಡ್ರೈವರ್ ಅದನ್ನು ಹೇಳಿದ. ಹೇಗೂ ಓಡುತ್ತಿದೆಯಲ್ಲ ಎಂದು ನಾನೇ ಸುಮ್ಮನಾದೆ. ಐದನೆಯ ದಿನ ಎಕ್ಸಲರೇಟರ್ ಪೂರ್ತಿ ತುಳಿದರೂ ಗಾಡಿ ಆಮೆಯಂತೆ ಹೊರಟಿತು. ವಿಜಯಪುರದ ಸರ್ವಿಸ್ ಕೇಂದ್ರಕ್ಕೆ ಒಯ್ದೆವು. ಕಂಪ್ಯೂಟರ್ ಜೋಡಿಸಿ ಜರಡಿಯ ಮಸಿ ಸುಟ್ಟರು. ಜೊತೆಗೆ ಒಂದು ಸೆನ್ಸರ್ ಬದಲಿಸಬೇಕೆಂದರು, ಅದು ಅಲ್ಲಿರಲಿಲ್ಲ. ಆರು ದಿನ ಹೋಯಿತು. ವಾರಂಟಿಯಿದ್ದುದರಿಂದ ದುಡ್ಡು ಹೋಗಲಿಲ್ಲ, ಆದರೆ ಬಾಡಿಗೆ ಗಾಡಿಗೆ ಕೊಟ್ಟ ಹಣವನ್ನು ಯಾವ ವಾರಂಟಿಯೂ ಕೊಡುವುದಿಲ್ಲ.

ಇನ್ನೊಂದು ಸಂಗತಿ ಅಲ್ಲಿಯೇ ತಿಳಿಯಿತು. ಅದಕ್ಕೂ ವಾರ ಮೊದಲು ಅಪ್ಪ ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ, ಈ ಗಾಡಿ ಆಯಿಲ್ ಕುಡಿಯುವುದಂತೂ ಇಲ್ಲ, ಬದಲಿಗೆ ಹೆಚ್ಚಿಸಿಕೊಂಡಿದೆ ಎಂದು ಹಿಗ್ಗಿದ್ದರು. ಹೆಚ್ಚಾದದ್ದು ಆಯಿಲ್ ಅಲ್ಲ, ಡೀಸೆಲ್. ಜರಡಿಯನ್ನು ಕಾಯಿಸಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಅದರಲ್ಲಿ ಸ್ವಲ್ಪ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಸವೆಯುತ್ತವೆ. ಕಡ್ಡಿಯ ಮೇಲಿನ ಗುರುತು ದಾಟಿದರೆ ಖುಷಿಪಡಬೇಡಿ.

ಎರಡನೆಯ ಸಲ ನಿಂತದ್ದು 2025ರಲ್ಲಿ, ಹೊಗೆಯ ವಿಷಾನಿಲ ತಗ್ಗಿಸುವ ಯೂರಿಯಾ ತೊಟ್ಟಿಯ ದೆಸೆಯಿಂದ. ಎಲ್ಲ ಮಾದರಿಗಳಲ್ಲೂ ಇದು ಇರುವುದಿಲ್ಲ, ನಮ್ಮದರಲ್ಲಿದೆ. ಶುದ್ಧ ನೀರಿನಲ್ಲಿ ಶೇ 32.5ರಷ್ಟು ಯೂರಿಯಾ ಬೆರೆಸಿದ ದ್ರಾವಣವನ್ನು ಅದಕ್ಕೆ ತುಂಬಬೇಕು. ಮುಗಿದರೆ ಗಾಡಿ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಚೀಲ ಮನೆಯಲ್ಲೇ ಇದೆಯಲ್ಲ, ಕದಡಿ ಹಾಕೋಣವೇ ಎಂದು ಡ್ರೈವರ್ ಕೇಳಿದ. ಪುಣ್ಯಕ್ಕೆ ಹಾಕುವ ಮೊದಲು ಕೇಳಿದ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ, ಅದರಲ್ಲಿ ಕಲ್ಮಶವೂ ಇರುತ್ತದೆ. ಸಿಂಪಡಿಸುವ ನಳಿಗೆ ಕಟ್ಟಿಕೊಂಡರೆ ಸಾವಿರಗಟ್ಟಲೆ ಖರ್ಚು. ನಮಗೆ ಕೈಕೊಟ್ಟದ್ದು ಆ ದ್ರಾವಣದ ಪಂಪು. ಮೂರು ದಿನ.

ಹಳೆಯದರ ಪುಟ ನೋಡಿದರೆ ನಗು ಬರುತ್ತದೆ. ಎರಡು ಸುಗ್ಗಿಯಲ್ಲಿ ಏಳು ಸಲ ನಿಂತಿದೆ: ಸೆಲ್ಫ್ ಎತ್ತಲಿಲ್ಲ, ಡೀಸೆಲ್ ಪೈಪಿಗೆ ಗಾಳಿ ಹಿಡಿಯಿತು, ಹಿಂದಿನ ಲೀಫ್ ಸ್ಪ್ರಿಂಗಿನ ಒಂದು ಪಟ್ಟಿ ಮುರಿಯಿತು, ಎರಡು ಸಲ ಫ್ಯಾನ್ ಬೆಲ್ಟು, ರೇಡಿಯೇಟರ್ ಸೋರಿಕೆ, ಕ್ಲಚ್ ಪ್ಲೇಟು. ಎಲ್ಲ ಕೂಡಿಸಿದರೆ ನಾಲ್ಕೂವರೆ ದಿನ, ಅದರಲ್ಲಿ ಎರಡು ದಿನ ಕ್ಲಚ್ಚಿನದೇ. ಊರಿನ ಮಿಸ್ತ್ರಿ ಚಾಚಾ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಮಲಗಿ ರಿಪೇರಿ ಮಾಡುತ್ತಾರೆ. ಹೊಸದರ ಬಾನೆಟ್ ಎತ್ತಿ ಒಮ್ಮೆ ನೋಡಿದ ಅವರು, ಇದನ್ನು ಮುಟ್ಟುವುದಿಲ್ಲ ಎಂದು ಮುಚ್ಚಿದರು. ಹಳೆಯದರ ಬ್ರೇಕು ಮಾತ್ರ ಹೊಸದರ ಕಾಲಧೂಳಿಗೂ ಸಮವಿಲ್ಲ. ರಾತ್ರಿ ಲೋಡು ಹಾಕಿಕೊಂಡು ಹೆದ್ದಾರಿಗೆ ಅದನ್ನು ಕಳುಹಿಸಲು ನನಗೆ ಧೈರ್ಯವಿಲ್ಲ. ಎಂಟು ವರ್ಷ ದಾಟಿದ್ದರಿಂದ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸುವ ಓಡಾಟ ಬೇರೆ.

ಸಿಎನ್‌ಜಿ ಗಾಡಿ ಒಂದೇ ಸಲ, ಅರ್ಧ ದಿನ ನಿಂತಿತು, ಸ್ಪಾರ್ಕ್ ಪ್ಲಗ್. ಮಸಿಯ ಜರಡಿ ಇಲ್ಲ, ಯೂರಿಯಾ ಇಲ್ಲ. ಆದರೆ ಬಂಕಿನಲ್ಲಿ ನಿಂತ ಹೊತ್ತನ್ನೂ ಕಾಕಾನ ಮಗ ಬರೆದಿಡಬೇಕಿತ್ತು. ಗ್ಯಾಸಿಗಾಗಿ ವಿಜಯಪುರಕ್ಕೆ ಹೋಗಿ ಸರದಿಯಲ್ಲಿ ನಿಲ್ಲಬೇಕು. 200 ಬಾರ್ ಒತ್ತಡಕ್ಕೆ ತುಂಬಿದರೂ ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಕಾದ ಸಿಲಿಂಡರ್‌ಗೆ ಕಡಿಮೆ ಕಿಲೋ ಹಿಡಿಯುತ್ತದೆ. ಬೆಳಗಿನ ಜಾವ ಹೋದವನಿಗೆ ಲಾಭ. ಗಾಲಿ ಸಣ್ಣವು. ಅಕಾಲಿಕ ಮಳೆ ಬಿದ್ದ ದಿನ ಎರೆಮಣ್ಣಿನಲ್ಲಿ ಹೂತು ಟ್ರ್ಯಾಕ್ಟರ್ ಕಟ್ಟಿ ಎಳೆಸಿದೆವು. ಅಂದು ಪಿಕಪ್‌ಗಳೂ ಹೂತವು, ಆ ಮಾತು ಬೇರೆ.

ಹೀಗೆ ಕೆಟ್ಟ ಸಲ ಎಣಿಸಿದರೆ ಹಳೆಯದು ಏಳು, ಹೊಸದು ಎರಡು. ನಿಂತ ದಿನ ಎಣಿಸಿದರೆ ಹಳೆಯದು ನಾಲ್ಕೂವರೆ, ಹೊಸದು ಒಂಬತ್ತು. ಮಾರುವವರು ಮೊದಲನೆಯ ಲೆಕ್ಕ ಹೇಳುತ್ತಾರೆ. ನಮಗೆ ಕೂಳು ಕೊಡುವುದು ಎರಡನೆಯದು.

2025ರ ಏಪ್ರಿಲ್‌ನಿಂದ ಕೆಲಸ ಅದಲುಬದಲು ಮಾಡಿದ್ದೇವೆ. ತೋಟ ಮತ್ತು ಶೆಡ್ಡಿನ ನಡುವೆ ಹಳೆಯದು. ಜತ್ ಮಾರ್ಗವಾಗಿ ಮಹಾರಾಷ್ಟ್ರದ ತಾಸಗಾಂವದ ಮಾರುಕಟ್ಟೆಗೆ ಒಣದ್ರಾಕ್ಷಿ ಒಯ್ಯಲು, ಸೊಲ್ಲಾಪುರಕ್ಕೆ ಹೋಗಲು ಹೊಸದು. ಒಂದೇ ಓಟಕ್ಕೆ ನೂರು ಕಿಲೋಮೀಟರ್ ಸಿಗುವುದರಿಂದ ಜರಡಿ ದಾರಿಯಲ್ಲೇ ಸುಟ್ಟುಕೊಳ್ಳುತ್ತದೆ. ಆ ಮೇಲೆ ಹಳದಿ ದೀಪ ಹತ್ತಿಲ್ಲ. ಮನೆಯಲ್ಲಿ ಒಂದೇ ಗಾಡಿ ಇರುವವರು, ಓಟವೆಲ್ಲ ಐದಾರು ಕಿಲೋಮೀಟರಿನೊಳಗಿದ್ದು ಗ್ಯಾಸ್ ಬಂಕು ಹತ್ತಿರವಿದ್ದರೆ, ಸಿಎನ್‌ಜಿಯನ್ನೇ ಕೊಳ್ಳಲಿ ಎನ್ನುತ್ತೇನೆ. ಡೀಸೆಲ್ಲೇ ಬೇಕೆಂದರೆ ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಬಿಡದೆ ಓಡಿಸಿ, ಆಯಿಲ್ ಕೂಡ ಕೈಪಿಡಿ ಹೇಳಿದ ದರ್ಜೆಯದನ್ನೇ ಹಾಕಿಸಿ.

ಕಳೆದ ತಿಂಗಳು ಅಥಣಿ ಕಡೆಯಿಂದ ಹಳೆಯ ಪಿಕಪ್ ನೋಡಲು ಗಿರಾಕಿಯೊಬ್ಬರು ಬಂದಿದ್ದರು. ಅಪ್ಪ ಚಹಾ ಕುಡಿಸಿ, ಮಳೆ ಬೆಳೆ ಎಲ್ಲ ಮಾತಾಡಿ, ಬೆಲೆ ಮಾತ್ರ ಹೇಳದೆ ಕಳುಹಿಸಿದರು.