ಬಾಲ್ಕನಿ, ಮಾಲ್, ಮನೆ ಟಿವಿ: ಮೈಸೂರಿನಲ್ಲಿ ಕನ್ನಡ ಸಿನಿಮಾ ಎಲ್ಲಿ ನೋಡೋದು?

ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಕನ್ನಡ ಸಿನಿಮಾ ನೋಡೋಕೆ ಇವತ್ತಿಗೂ ನನ್ನ ಮೊದಲ ಆಯ್ಕೆ ಒಂದೇ ಪರದೆಯ ಹಳೇ ಟಾಕೀಸು. ಮಾಲ್‌ನ ಮಲ್ಟಿಪ್ಲೆಕ್ಸ್ ಆಮೇಲೆ, ಮನೆಯ ಟಿವಿ ಕೊನೆಗೆ. ಹಾಗಂತ ಎಲ್ಲ ಟಾಕೀಸೂ ಅಲ್ಲ. ಪರದೆ ಬೆಳಗಬೇಕು, ಮಾತು ಕಿವಿಗೆ ಬೀಳಬೇಕು, ಹೆಂಗಸರ ಶೌಚಾಲಯದಲ್ಲಿ ನೀರಿರಬೇಕು. ಇಷ್ಟೂ ಇಲ್ಲದ ಕಡೆ ನಾನು ಇನ್ನೊಂದು ಸಲ ಕಾಲಿಡುವುದಿಲ್ಲ.

ಇದನ್ನು ಬರೆಯೋಕೆ ಕಾರಣ 2025ರ ಟಿಕೆಟ್ ದರದ ಗಲಾಟೆ. ಸರ್ಕಾರ ₹200 ಅಂತ ಮಿತಿ ಹಾಕಿದಾಗಿನಿಂದ ನಮ್ಮ ನೆಂಟರಿಷ್ಟರಲ್ಲಿ, ಕಚೇರಿಯಲ್ಲಿ, ವಾಕಿಂಗ್ ಹೋಗುವ ಪಾರ್ಕಿನಲ್ಲಿ ಎಲ್ಲರೂ ಟಿಕೆಟ್ ಬಗ್ಗೆಯೇ ಮಾತಾಡಿದರು. ಟಿಕೆಟ್ ಕೊಂಡ ಮೇಲೆ ಒಳಗೆ ಏನು ಸಿಗುತ್ತದೆ ಅನ್ನೋದನ್ನು ಯಾರೂ ಕೇಳಲಿಲ್ಲ. ನನಗೆ ಅದೇ ಮುಖ್ಯ. ಹಾಗಾಗಿ ಅವತ್ತಿನಿಂದ ಮೂರೂ ಕಡೆ ಸ್ವಲ್ಪ ಗಮನ ಕೊಟ್ಟು ನೋಡುತ್ತಾ ಬಂದೆ.

ನಾವು ಕುವೆಂಪುನಗರದಲ್ಲಿ ನಾಲ್ಕು ಜನ. ನಾನು, ಯಜಮಾನರು, ಡಿಗ್ರಿ ಓದುವ ಮಗಳು, ಅತ್ತೆ. ಅತ್ತೆ ಮದ್ದೂರು ಕಡೆಯವರು. ಕನ್ನಡ ಬಿಟ್ಟರೆ ಬೇರೆ ಭಾಷೆ ಬರೋದಿಲ್ಲ. ಕಿವಿ ಸ್ವಲ್ಪ ಮಂದ, ಮಂಡಿ ನೋವು. ಸಿನಿಮಾ ಅಂದರೆ ಮಾತ್ರ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ರೆಡಿ. ಒಂದು ಜಾಗ ಅವರಿಗೆ ಒಗ್ಗಿದರೆ ನಮ್ಮೆಲ್ಲರಿಗೂ ಒಗ್ಗಿದ ಹಾಗೆ.

ಮಲ್ಟಿಪ್ಲೆಕ್ಸ್‌ನಿಂದ ಶುರು ಮಾಡುತ್ತೇನೆ. ಮೈಸೂರಿನಲ್ಲಿ ಈಗ ಆಯ್ಕೆಗೆ ಕೊರತೆ ಇಲ್ಲ. ಮಾಲ್ ಆಫ್ ಮೈಸೂರು, ಜಯಲಕ್ಷ್ಮೀಪುರಂನ ಬಿಎಂ ಹ್ಯಾಬಿಟ್ಯಾಟ್, ಸೆಂಟರ್ ಸಿಟಿ, ಎಲ್ಲಾ ಕಡೆ ಪರದೆಗಳಿವೆ. ಲಿಫ್ಟ್ ಇದೆ, ಅತ್ತೆಗೆ ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಶೌಚಾಲಯ ಶುಚಿ. ಪರದೆಯ ಬೆಳಕು ಸರಿಯಾಗಿರುತ್ತದೆ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಲೇಬೇಕು. ದೊಡ್ಡ ಹೀರೋ ಇಲ್ಲದ ಸಣ್ಣ ಕನ್ನಡ ಸಿನಿಮಾ ಸಿಗೋದು ಹೆಚ್ಚಾಗಿ ಇಲ್ಲೇ. ಎಂಟುನೂರು ಸೀಟಿನ ಟಾಕೀಸಿಗೆ ಮೂವತ್ತು ಜನ ಬಂದರೆ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ನೂರೈವತ್ತು ಸೀಟಿನ ಪರದೆಗೆ ಅದೇ ಮೂವತ್ತು ಜನ ಬಂದರೆ ಹೇಗೋ ನಡೆಯುತ್ತದೆ. ಆದರೆ ಆ ಸಣ್ಣ ಸಿನಿಮಾಕ್ಕೆ ಕೊಡುವ ಹೊತ್ತು ನೋಡಿ: ಬೆಳಿಗ್ಗೆ ಹತ್ತು ಗಂಟೆ, ಇಲ್ಲವೇ ರಾತ್ರಿ ಹತ್ತರ ಮೇಲೆ. ಕೆಲಸಕ್ಕೆ ಹೋಗುವವರು ನೋಡೋದು ಯಾವಾಗ? ಸಂಜೆ ಆರರ ಆಟ ಬೇರೆ ಭಾಷೆಯ ದೊಡ್ಡ ಸಿನಿಮಾಕ್ಕೆ ಹೋಗಿರುತ್ತದೆ. ಕನ್ನಡದ ಊರಿನಲ್ಲಿ ಕನ್ನಡ ಸಿನಿಮಾಕ್ಕೆ ಸಂಜೆಯ ಒಂದು ಆಟ ಸಿಗದೇ ಇರೋದು ನನಗೆ ನಿಜವಾಗಿಯೂ ನೋವಿನ ವಿಷಯ.

ಇನ್ನು ದುಡ್ಡು. ಭಾನುವಾರ ನಾಲ್ಕು ಜನ ಹೋದರೆ ಟಿಕೆಟ್‌ಗೇ ಸಾವಿರ ದಾಟುತ್ತದೆ. ಫೋನಿನಲ್ಲಿ ಬುಕ್ ಮಾಡಿದರೆ ಪ್ರತಿ ಟಿಕೆಟ್‌ಗೂ ಮೇಲೆ ಶುಲ್ಕ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್, ಕಾಫಿ ಅಂದರೆ ಟಿಕೆಟ್‌ನಷ್ಟೇ ಮತ್ತೆ ಹೋಗುತ್ತದೆ. ಆಮೇಲೆ ಪಾರ್ಕಿಂಗ್. ತಿಂಗಳಿಗೊಂದು ಸಲ ಹೋಗುವ ಮನೆಗೂ ಇದು ಭಾರವೇ.

ಇಲ್ಲೇ ₹200ರ ವಿಷಯ ಬರೋದು. 2025ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಜೆಟ್‌ನಲ್ಲಿ ಹೇಳಿದರು. ಸೆಪ್ಟೆಂಬರ್ 12ಕ್ಕೆ ಆದೇಶ ಬಂತು. ಎಲ್ಲ ಭಾಷೆಯ ಸಿನಿಮಾಕ್ಕೂ ₹200 ಮಿತಿ, ತೆರಿಗೆ ಬೇರೆ. ₹100ಕ್ಕಿಂತ ಮೇಲಿನ ಟಿಕೆಟ್‌ಗೆ ಜಿಎಸ್‌ಟಿ 18 ಪರ್ಸೆಂಟ್, ಅಲ್ಲಿಗೆ ನಾವು ಕೊಡುವುದು ₹236. ಎಪ್ಪತ್ತೈದು ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ. ಮಲ್ಟಿಪ್ಲೆಕ್ಸ್‌ನವರು, ಕೆಲವು ನಿರ್ಮಾಪಕರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 23ಕ್ಕೆ ತಡೆಯಾಜ್ಞೆ ಬಂತು. ಆಮೇಲೆ ಒಂದು ವಾರ ಕಳೆಯುವುದರೊಳಗೆ ದಸರಾ ರಜೆಯ ಸಿನಿಮಾಗಳು ಬಂದವು. ಊರಿನ ತುಂಬಾ ಜನ, ದರ ಮತ್ತೆ ಮೇಲೆ. 2017ರಲ್ಲೂ ಇದೇ ₹200 ಅಂತ ಆದೇಶ ಬಂದಿತ್ತು, ಅದೂ ನಿಲ್ಲಲಿಲ್ಲ.

ನಾನು ಮಿತಿಯ ಪರ. ಆದರೆ ಅದರಿಂದ ಪಾಪ್‌ಕಾರ್ನ್ ಅಗ್ಗ ಆಗೋದಿಲ್ಲ. ನವೆಂಬರ್‌ನಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಮೂರ್ತಿಗಳೂ ನೂರು ರೂಪಾಯಿ ನೀರು, ಏಳುನೂರು ರೂಪಾಯಿ ಕಾಫಿಯ ಮಾತೆತ್ತಿದರು. ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರಕ್ಕೆ ಇದೆ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಸರಿ. ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಕೈಗೂಸಿನ ಆಹಾರವನ್ನು ಒಳಗೆ ಬಿಡಬೇಕು ಅಂತಲೂ ಅದೇ ತೀರ್ಪು ಹೇಳಿದೆ. ಒಂದು ಕಡೆ ನಾನು ನೀರು ಕೇಳಿದಾಗ ಬಾಟಲಿ ತೋರಿಸಿದರು. ಫಿಲ್ಟರ್ ಎಲ್ಲಿದೆ ಅಂತ ಮತ್ತೆ ಕೇಳಿದ ಮೇಲೆ ಮೂಲೆಯ ಕಾರಿಡಾರ್ ಕಡೆ ಕೈ ತೋರಿಸಿದರು. ಕೇಳಿ, ನಾಚಿಕೆ ಬೇಡ.

ಈಗ ಟಾಕೀಸು. ಶಾಂತಲಾ 2020ರಲ್ಲಿ ಕೊರೊನಾ ಹೊತ್ತಿಗೆ ಮುಚ್ಚಿತು. ಆ ಸುದ್ದಿ ಓದಿದಾಗ ನನಗೆ ಮನೆಯವರೇ ಹೋದ ಹಾಗೆ ಆಗಿತ್ತು. ಗಾಯತ್ರಿ, ಸಂಗಂ, ವುಡ್‌ಲ್ಯಾಂಡ್ಸ್ ಇಂಥ ಹೆಸರು ಕೇಳಿದರೆ ನನ್ನ ವಯಸ್ಸಿನ ಮೈಸೂರಿನವರಿಗೆ ಯಾವ ಸಿನಿಮಾ ಎಲ್ಲಿ ನೋಡಿದ್ದು ಅಂತ ಸಾಲಾಗಿ ನೆನಪಾಗುತ್ತದೆ.

ಬಾಲ್ಕನಿ ಟಿಕೆಟ್ ಮಾಲ್‌ಗಿಂತ ಎಷ್ಟೋ ಕಡಿಮೆ. ಕೆಳಗಿನ ಸೀಟು ಇನ್ನೂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ₹100 ಮತ್ತು ಅದರೊಳಗಿನ ಟಿಕೆಟ್‌ಗೆ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಅದರ ಲಾಭ ಸಿಗೋದು ಇಂಥ ಟಾಕೀಸಿಗೇ. ಇಂಟರ್ವಲ್‌ನಲ್ಲಿ ಪಫ್ಸ್, ಸಮೋಸ, ಟೀ. ನಾಲ್ಕು ಜನಕ್ಕೂ ಸೇರಿ ಮಾಲ್‌ನ ಒಂದು ಪಾಪ್‌ಕಾರ್ನ್ ಡಬ್ಬದ ದುಡ್ಡಿನಲ್ಲಿ ಮುಗಿಯುತ್ತದೆ.

ಆದರೆ ನಾನು ಹೋಗೋದು ದುಡ್ಡಿಗಾಗಿ ಮಾತ್ರ ಅಲ್ಲ. ಪರದೆ ದೊಡ್ಡದು. ಕೆಳಗೆ ಐನೂರು ಜನ ಒಟ್ಟಿಗೆ ನಕ್ಕರೆ ಬಾಲ್ಕನಿಯವರಿಗೂ ನಗು ತಡೆಯೋಕೆ ಆಗೋದಿಲ್ಲ. ಕಿವಿ ಮಂದ ಇರುವ ಅತ್ತೆ ಜೋಕು ಅರ್ಥ ಆಗದೇ ಇದ್ದರೂ ಸುತ್ತಲಿನವರ ಜೊತೆ ನಕ್ಕು, ಆಮೇಲೆ ನನ್ನನ್ನು ಕೇಳಿ ಇನ್ನೊಂದು ಸಲ ನಗುತ್ತಾರೆ. ಮಾಲ್‌ನಲ್ಲಿ ಅವರು ಕೇಳಿದರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಟಾಕೀಸಿನಲ್ಲಿ ಯಾರಿಗೂ ಅದು ತೊಂದರೆಯೇ ಅಲ್ಲ.

ಮಂಡ್ಯಕ್ಕೆ ಹೋದಾಗ ನಾದಿನಿ ಮನೆಯವರ ಜೊತೆ ಅಲ್ಲಿನ ಟಾಕೀಸಿಗೂ ಹೋಗುತ್ತೇವೆ. ಅಲ್ಲಿ ಇಂಟರ್ವಲ್ ಅಂದರೆ ಇನ್ನೊಂದು ಸಿನಿಮಾ. ಹೀರೋ ಬಗ್ಗೆ ಶುರುವಾದ ಮಾತು ಟೀ ಖಾಲಿ ಆಗೋದರೊಳಗೆ ರಾಜಕೀಯಕ್ಕೆ ತಿರುಗಿರುತ್ತದೆ. ಆಶ್ಚರ್ಯ ಏನಿಲ್ಲ. ದೊಡ್ಡರಸಿನಕೆರೆಯ ಅಂಬರೀಷ್ ಅವರನ್ನು ದಿಲ್ಲಿಗೆ ಕಳಿಸಿದ ಜಿಲ್ಲೆ ಅದು. 2013ರ ಉಪಚುನಾವಣೆಯಲ್ಲಿ ರಮ್ಯಾ ಗೆದ್ದರು. 2019ರಲ್ಲಿ ಸುಮಲತಾ ಪಕ್ಷೇತರರಾಗಿ ನಿಂತು ನಿಖಿಲ್ ಕುಮಾರಸ್ವಾಮಿಯವರನ್ನು ಸೋಲಿಸಿದರು, ಇಬ್ಬರೂ ಸಿನಿಮಾದವರೇ. 2024ರಲ್ಲಿ ಗೆದ್ದ ಎಚ್.ಡಿ. ಕುಮಾರಸ್ವಾಮಿಯವರೂ ಸಿನಿಮಾ ನಿರ್ಮಾಪಕರು. ಬೇರೆ ಬೇರೆ ಪಕ್ಷದವರು ಅಕ್ಕಪಕ್ಕ ನಿಂತು, ಮುಖ ನೋಡಿ ಜಗಳ ಆಡಿ, ಬೆಲ್ ಹೊಡೆದ ತಕ್ಷಣ ಒಟ್ಟಿಗೆ ಒಳಗೆ ಹೋಗುತ್ತಾರೆ. ಫೋನಿನಲ್ಲಿ ಅದೇ ಮಾತು ಆಡಿದರೆ ಸಂಬಂಧವೇ ಮುರಿದು ಹೋಗಿರುತ್ತದೆ, ಅಲ್ವಾ?

ಟಾಕೀಸಿನ ಕೊರತೆಗಳನ್ನೂ ಹೇಳಬೇಕು. ಒಂದು ಕಡೆ ರಾತ್ರಿಯ ದೃಶ್ಯ ಬಂದರೆ ಪರದೆ ಮೇಲೆ ಏನೂ ಕಾಣುತ್ತಿರಲಿಲ್ಲ. ಬರೀ ಕಪ್ಪು. ಕ್ಯಾಮೆರಾದವರ ತಪ್ಪು ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ. ಯಜಮಾನರಿಗೆ ಪರಿಚಯದ ಒಬ್ಬ ಆಪರೇಟರ್ ಇದ್ದಾರೆ, ಬೇರೆ ಟಾಕೀಸಿನವರು. ಅವರನ್ನು ಕೇಳಿದೆ. ಮೇಲಿನ ಪ್ರೊಜೆಕ್ಟರ್ ರೂಮಿಗೇ ಕರೆದುಕೊಂಡು ಹೋದರು.

ಮೂಲೆಯಲ್ಲಿ ಹಳೇ ರೀಲಿನ ಯಂತ್ರ ಬಟ್ಟೆ ಹೊದ್ದು ನಿಂತಿತ್ತು. ಈಗ ರೀಲು ಬರೋದಿಲ್ಲ. ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲೋ ಸ್ಯಾಟಲೈಟ್ ಮೂಲಕವೋ ಬರುತ್ತದೆ. ಅದಕ್ಕೊಂದು ಡಿಜಿಟಲ್ ಬೀಗ. ಬೀಗದ ಕೀ ಇಮೇಲ್‌ನಲ್ಲಿ ಬರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ, ಇದೇ ಯಂತ್ರದಲ್ಲಿ ಮಾತ್ರ ಓಡಬೇಕು ಅಂತ ಅದರಲ್ಲೇ ಬರೆದಿರುತ್ತದೆ. ಕೀ ಬರೋದು ತಡವಾದರೆ ಮೊದಲ ಆಟವೇ ನಿಂತುಬಿಡುತ್ತದೆ. ಬೆಳಕಿನ ವಿಷಯ ಕೇಳಿದಾಗ ಅವರು ಯಂತ್ರದ ಪಕ್ಕದ ಬಾಗಿಲು ತೋರಿಸಿದರು. ಒಳಗೆ ಇರೋದು ಕ್ಸೆನಾನ್ ಲ್ಯಾಂಪ್. ಅದಕ್ಕೆ ಇಷ್ಟು ಗಂಟೆ ಅಂತ ಆಯಸ್ಸು ಇದೆ. ವಯಸ್ಸಾದ ಹಾಗೆ ಬೆಳಕು ಇಳಿಯುತ್ತಾ ಬರುತ್ತದೆ. ಹೊಸದು ದುಬಾರಿ ಅಂತ ಕೆಲವರು ಅವಧಿ ಮುಗಿದ ಮೇಲೂ ಓಡಿಸುತ್ತಾರೆ, ಇನ್ನು ಕೆಲವರು ಬಾಳಿಕೆ ಬರಲಿ ಅಂತ ಬೆಳಕು ತಗ್ಗಿಸಿ ಇಡುತ್ತಾರೆ. ಪ್ರೊಜೆಕ್ಟರ್ ಮುಂದಿನ ಕಿಟಕಿ ಗಾಜು ಒರೆಸದೇ ಇದ್ದರೂ ಪರದೆ ಮಂಕಾಗುತ್ತದೆ. ಅವರು ಪ್ರತಿ ಆಟಕ್ಕೂ ಮುಂಚೆ ಆ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರಂತೆ. ನನ್ನ ಮುಂದೆಯೇ ಒರೆಸಿದರು. ವರ್ಷಗಟ್ಟಲೆ ಕಷ್ಟಪಟ್ಟು ತೆಗೆದ ದೃಶ್ಯ ನಮ್ಮ ಕಣ್ಣಿಗೆ ತಲುಪೋದು ಇಂಥವರ ಕೈಯಿಂದ.

ಇನ್ನೊಂದು ಕೊರತೆಗೆ ನನಗೆ ಕ್ಷಮೆಯೇ ಇಲ್ಲ. ಒಂದು ಟಾಕೀಸಿನಲ್ಲಿ ಪಕ್ಕದ ತುರ್ತು ಬಾಗಿಲಿಗೆ ಚೈನು ಹಾಕಿದ್ದರು. ಟಿಕೆಟ್ ಇಲ್ಲದವರು ನುಗ್ಗುತ್ತಾರೆ ಅಂತ ಕಾರಣ ಕೊಟ್ಟರು. ಇದು ಮೈಸೂರು. 1989ರ ಫೆಬ್ರವರಿಯಲ್ಲಿ ಪ್ರೀಮಿಯರ್ ಸ್ಟುಡಿಯೋದಲ್ಲಿ ಧಾರಾವಾಹಿ ಚಿತ್ರೀಕರಣದ ಹೊತ್ತಿನಲ್ಲಿ ಬೆಂಕಿ ಬಿದ್ದು 62 ಜನ ಹೋದರು. ಆ ಊರಿನಲ್ಲಿ ಬಾಗಿಲಿಗೆ ಚೈನು ಹಾಕೋದಾ? ಅವತ್ತು ನಾವು ಟಿಕೆಟ್ ವಾಪಸ್ ಕೊಟ್ಟು ಬಂದೆವು. ಈಗ ಎಲ್ಲೇ ಹೋದರೂ ಕೂರುವ ಮುಂಚೆ ಬಾಗಿಲು ನೋಡಿಕೊಳ್ಳುತ್ತೇನೆ.

ಮನೆಯ ಟಿವಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅತ್ತೆಗೆ ಕಾಲು ಚಾಚಿ ಕೂರಬಹುದು, ಬೇಕಾದಾಗ ನಿಲ್ಲಿಸಬಹುದು. ಥಿಯೇಟರ್‌ಗೆ ಬಂದ ಸಿನಿಮಾ ಒಂದು, ಒಂದೂವರೆ ತಿಂಗಳಿಗೆ ಒಟಿಟಿಯಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಸಿನಿಮಾ ತೋರಿಸುವ ಸೇವೆಗಳಲ್ಲಿ, ಮನೆಗೇ ಬರುತ್ತದೆ. ಅವರಿಗೆ ದೊಡ್ಡ ಲಾಭ ಆಗಿರೋದು ಡಬ್ಬಿಂಗ್‌ನಿಂದ. ದಶಕಗಳ ಕಾಲ ಬೇರೆ ಭಾಷೆಯ ಸಿನಿಮಾವನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡೋಕೆ ಬಿಟ್ಟಿರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ದಾರಿ ತೆರೆಯಿತು. ಈಗ ಅತ್ತೆ ಮಲಯಾಳಂ, ತೆಲುಗು ಸಿನಿಮಾಗಳನ್ನು ಕನ್ನಡದಲ್ಲೇ ನೋಡುತ್ತಾರೆ. ಕನ್ನಡದ ಕಲಾವಿದರ ಕೆಲಸ ಹೋಗುತ್ತದೆ ಅನ್ನೋ ಆತಂಕ ನನಗೂ ಅರ್ಥ ಆಗುತ್ತದೆ. ಆದರೆ ಎಪ್ಪತ್ತು ದಾಟಿದ ಹೆಂಗಸು ತನ್ನ ಭಾಷೆಯಲ್ಲಿ ಕಥೆ ಕೇಳೋದು ತಪ್ಪು ಅಂತ ನಾನು ಹೇಳಲಾರೆ.

ಟಿವಿ ಮೂರನೇ ಸ್ಥಾನಕ್ಕೆ ಹೋಗಿದ್ದು ಎರಡು ಕಾರಣಕ್ಕೆ. ಒಂದು, ಶಬ್ದ. ತೆಳು ಟಿವಿಗಳಲ್ಲಿ ಸ್ಪೀಕರ್ ಕೆಳಗೋ ಹಿಂದೋ ಇರುತ್ತದೆ. ಹಾಡು ಕಿರುಚುತ್ತದೆ, ಮಾತು ಕೇಳೋದಿಲ್ಲ. ಸೆಟ್ಟಿಂಗ್‌ನಲ್ಲಿ ಮಾತು ಎತ್ತಿ ಕೊಡುವ ಆಯ್ಕೆ ಇದ್ದರೆ ಅದನ್ನು ಹಾಕಿ. ಅತ್ತೆಗೆ ಅದರಿಂದ ತುಂಬಾ ಅನುಕೂಲ ಆಯ್ತು. ಹಾಗೇ, ಒಟಿಟಿಗೆ ಚಂದಾ ಕಟ್ಟುವ ಮುಂಚೆ ವಿವರ ಓದಿ. ನೆಟ್‌ಫ್ಲಿಕ್ಸ್‌ನ ₹149ರ ಪ್ಲಾನ್ ಫೋನ್, ಟ್ಯಾಬ್‌ಗೆ ಮಾತ್ರ, ಟಿವಿಯಲ್ಲಿ ಬರೋದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಕನ್ನಡದ ಸಿನಿಮಾ, ಸರಣಿಗಳನ್ನು ಒಟಿಟಿಯವರು ಕೊಳ್ಳೋದೇ ಕಡಿಮೆ. 2020ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಎರಡು ಸಿನಿಮಾ ನೇರವಾಗಿ ಒಟಿಟಿಗೆ ಬಂದಾಗ ಒಳ್ಳೇ ಕಾಲ ಬಂತು ಅಂದುಕೊಂಡೆ. ಆದರೆ 2024ರಲ್ಲಿ ರಕ್ಷಿತ್ ಶೆಟ್ಟಿಯವರಂಥ ಹೆಸರಿರುವವರೇ 'ಏಕಂ' ಸರಣಿಯನ್ನು ಯಾರೂ ತಗೊಳ್ಳದೆ ಸ್ವಂತ ವೆಬ್‌ಸೈಟಿನಲ್ಲಿ ಬಿಡಬೇಕಾಯಿತು. ಹೊಸಬರ ಗತಿ ಏನು? ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲೇ ಸಿಸ್ಪೇಸ್ ಅನ್ನೋ ಸ್ವಂತ ಒಟಿಟಿ ಶುರು ಮಾಡಿತು. ಒಂದು ಸಿನಿಮಾಕ್ಕೆ ₹75, ನೋಡಿದ್ದಕ್ಕೆ ಮಾತ್ರ ದುಡ್ಡು. ನಮ್ಮ ಸರ್ಕಾರವೂ 2025ರ ಬಜೆಟ್‌ನಲ್ಲಿ ಒಟಿಟಿ ಮಾಡುತ್ತೇವೆ ಅಂತ ಹೇಳಿದೆ. ಬಂದರೆ ಮೊದಲ ದಿನವೇ ದುಡ್ಡು ಕೊಟ್ಟು ನೋಡುತ್ತೇನೆ.

ಅದೇ ಬಜೆಟ್‌ನಲ್ಲಿ ಮೈಸೂರಿಗೆ 150 ಎಕರೆಯಲ್ಲಿ, ₹500 ಕೋಟಿಯ ಚಿತ್ರನಗರಿಯ ಮಾತೂ ಇದೆ. ಬರಲಿ, ಹುಡುಗರಿಗೆ ಕೆಲಸ ಸಿಗಲಿ. ಆದರೆ ಅಲ್ಲಿ ತೆಗೆದ ಸಿನಿಮಾ ತೋರಿಸೋಕೆ ಊರಿನಲ್ಲಿ ಟಾಕೀಸು ಉಳಿದಿರಬೇಕಲ್ಲ? ಟಿಕೆಟ್ ದರಕ್ಕೆ ಕೋರ್ಟು ಸುತ್ತುವ ಶ್ರಮದಲ್ಲಿ ಅರ್ಧವನ್ನು ಸರ್ಕಾರ ಇಲ್ಲಿ ಹಾಕಲಿ. ಲ್ಯಾಂಪ್ ಬದಲಿಸೋಕೆ, ಶೌಚಾಲಯ ಕಟ್ಟೋಕೆ ಸಾಲ ಕೊಡಲಿ. ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ ಹಾಕಿಸಲಿ. ಬಾಗಿಲು ತೆರೆದಿದೆಯಾ ಅಂತ ಆಟದ ಹೊತ್ತಿನಲ್ಲಿ ಬಂದು ನೋಡಲಿ.

ನಮ್ಮ ಮನೆಯಲ್ಲಿ ಈಗ ನಡೆಯುತ್ತಿರೋದು ಹೀಗೆ. ಜನಪ್ರಿಯ ಹೀರೋ ಸಿನಿಮಾ, ಹಾಸ್ಯದ ಸಿನಿಮಾ ಅಂದರೆ ಟಾಕೀಸು. ಹೊಸಬರ ಸಣ್ಣ ಸಿನಿಮಾಕ್ಕೆ ನಾನು, ಮಗಳು ಇಬ್ಬರೇ ಮಾಲ್‌ಗೆ. ಡಬ್ ಆಗಿರೋದು ಟಿವಿಯಲ್ಲಿ. ಟಾಕೀಸಿಗೆ ಹೋಗುವವರು ವಾರದ ಮಧ್ಯದ ಮ್ಯಾಟಿನಿಗೆ ಹೋಗಿ, ಬಾಲ್ಕನಿಯ ಎರಡು ಮೂರನೇ ಸಾಲಿನ ನಡುವಿನ ಸೀಟು ಕೇಳಿ. ಮುಂದಿನ ವಾರ ನೋಡೋಣ ಅಂತ ಬಿಡಬೇಡಿ. ಶುಕ್ರವಾರ ಬಂದರೆ ಪೋಸ್ಟರ್ ಬದಲಾಗಿರುತ್ತದೆ.